ಮೂಲಭಂಡಾರವೂ ಪ್ಯಾಕೇಜಿನ ನಿರ್ಮಾಣವೂ: ಒಂದು ಚಾರಿತ್ರಿಕ ಸಮೀಕ್ಷೆ

೧. ಪೀಠಿಕೆ

ಶಾಸನಗಳನ್ನೂ ಓಲೆಗರಿಗಳನ್ನೂ ಆಧಾರವಾಗಿಟ್ಟುಕೊಂಡು ಚರಿತ್ರೆಯನ್ನು ಬರೆಯುವವರಿಗೆ ಮೂಲ ಯಾವುದು, ಪ್ರತಿ ಯಾವುದು, ಆ ಮೂಲದಿಂದ ಈ ಪ್ರತಿ ಹೇಗೆ ಹುಟ್ಟಿತು ಎಂಬ ಮೂರು ಪ್ರಶ್ನೆಗಳು ಹೊಸವಲ್ಲ. ಪ್ರತಿ ಎಷ್ಟು ಅಂದವಾಗಿದ್ದರೂ ಅದು ಮೂಲಕ್ಕೆ ನಿಷ್ಠವಾಗಿದೆಯೆಂಬುದನ್ನು ತೋರಿಸುವ ದಾರಿಯಿಲ್ಲದಿದ್ದರೆ ವಿದ್ವಾಂಸನು ಅದನ್ನು ಪ್ರಮಾಣವಾಗಿ ಸ್ವೀಕರಿಸಲಾರನು. ಇದೇ ಮೂರು ಪ್ರಶ್ನೆಗಳು ಗಣಕಯಂತ್ರದ ತಂತ್ರಾಂಶಗಳ ವಿಷಯದಲ್ಲಿಯೂ ಎದ್ದಿವೆ. ಅವುಗಳಿಗೆ ಉತ್ತರವನ್ನು ಹುಡುಕುವ ಪ್ರಯತ್ನಕ್ಕೆ ಈಗ ಅರ್ಧ ಶತಮಾನದ ಇತಿಹಾಸವಿದೆ. ಆ ಇತಿಹಾಸದ ಒಂದು ಭಾಗವನ್ನು, ಎಂದರೆ ಗಿಟ್ ಎಂಬ ಮೂಲಭಂಡಾರದ ವ್ಯವಸ್ಥೆಯನ್ನು ಪ್ಯಾಕೇಜು ಕಟ್ಟುವ ವ್ಯವಸ್ಥೆಯೊಡನೆ ಜೋಡಿಸಿದ ಕಥೆಯನ್ನು, ಪ್ರಸ್ತುತ ಲೇಖನದಲ್ಲಿ ನಿರೂಪಿಸಲು ಉದ್ದೇಶಿಸಿದ್ದೇವೆ.

ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳುವುದು ಉಚಿತ. ತಂತ್ರಾಂಶವನ್ನು ರಚಿಸುವವರು ಬರೆಯುವ, ಮನುಷ್ಯರು ಓದಿ ತಿದ್ದಬಹುದಾದ ಪಠ್ಯಕ್ಕೆ ಮೂಲಸಂಕೇತವೆಂದು ಹೆಸರು. ಆ ಪಠ್ಯವನ್ನೂ, ಅದರಲ್ಲಿ ಯಾರು ಯಾವಾಗ ಏನನ್ನು ಬದಲಿಸಿದರೆಂಬ ವೃತ್ತಾಂತವನ್ನೂ ಒಟ್ಟಿಗೆ ಕಾಪಾಡುವ ಸ್ಥಾನವೇ ಮೂಲಭಂಡಾರ. ಮೂಲಸಂಕೇತವನ್ನು ಯಂತ್ರವು ನಡೆಸಬಲ್ಲ ರೂಪಕ್ಕೆ ತಿರುಗಿಸುವ ಕ್ರಿಯೆ ನಿರ್ಮಾಣ. ಹೀಗೆ ನಿರ್ಮಿತವಾದುದನ್ನು ಹೆಸರು, ಆವೃತ್ತಿ, ಅವಲಂಬನೆ ಮುಂತಾದ ವಿವರಗಳೊಡನೆ ಒಂದು ಕಟ್ಟಾಗಿ ಕಟ್ಟಿ ಬಳಕೆದಾರರಿಗೆ ಒದಗಿಸಿದಾಗ ಅದು ಪ್ಯಾಕೇಜು. ಶಾಸನಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಮೂಲಭಂಡಾರವು ಬಂಡೆ. ನಿರ್ಮಾಣವು ಅಚ್ಚು ತೆಗೆದು ಓದುವ ಕ್ರಿಯೆ. ಪ್ಯಾಕೇಜು ಮುದ್ರಿತ ಸಂಪುಟ.

೨. ಬಂಡೆ ಮತ್ತು ಸಂಪುಟ

ಈ ಹೋಲಿಕೆ ಬರಿಯ ಅಲಂಕಾರವಲ್ಲವೆಂಬುದನ್ನು ತೋರಿಸಲು ಚಿತ್ರದುರ್ಗ ಸೀಮೆಯಲ್ಲಿಯೇ ತಕ್ಕ ನಿದರ್ಶನವಿದೆ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ ಈ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರಾಗಿ ವಿಂಗಡಿಸಿ, ಒಂದೊಂದಕ್ಕೂ ಸಂಖ್ಯೆಯನ್ನು ಕೊಟ್ಟು ೧೯೦೩ರಲ್ಲಿ ಪ್ರಕಟಿಸಿದರು. ಅಂದಿನಿಂದ ಚಿತ್ರದುರ್ಗದ ಇಂಥ ಸಂಖ್ಯೆ, ಹಿರಿಯೂರಿನ ಇಂಥ ಸಂಖ್ಯೆ, ಹೊಳಲ್ಕೆರೆಯ ಇಂಥ ಸಂಖ್ಯೆ ಎಂದು ಉಲ್ಲೇಖಿಸಿದರೆ ಸಾಕು, ಓದುಗನು ಮುದ್ರಿತ ಪಾಠದಿಂದ ಊರಿಗೆ, ಊರಿನಿಂದ ಕಲ್ಲಿನ ಬಳಿಗೆ ಹೋಗಿ ನೋಡಬಹುದಾಗಿದೆ. ಈ ಹಿಂದಿರುಗುವ ದಾರಿಯೇ ಆ ಸಂಪುಟಗಳ ಬೆಲೆಯನ್ನು ಕಾಪಾಡಿರುವುದು.

ಅದರ ಪ್ರಯೋಜನವೇನೆಂಬುದನ್ನು ಚಂದ್ರವಳ್ಳಿಯ ಮಯೂರಶರ್ಮನ ಶಾಸನ ತಿಳಿಸಿಕೊಡುತ್ತದೆ. ಎಂ. ಎಚ್. ಕೃಷ್ಣ ಅವರು ಮೈಸೂರು ಪುರಾತತ್ತ್ವ ಇಲಾಖೆಯ ೧೯೨೯ರ ವಾರ್ಷಿಕ ವರದಿಯಲ್ಲಿ ಅದನ್ನು ಬೆಳಕಿಗೆ ತಂದರು. ಪ್ರಾಕೃತದಲ್ಲಿರುವ ಆ ಕಿರುಶಾಸನದಲ್ಲಿ ತಟಾಕದ ಪ್ರಸ್ತಾಪದೊಡನೆ ಆಭೀರ, ಪಲ್ಲವ ಮೊದಲಾದ ಅನೇಕ ಜನಾಂಗಗಳ ಹೆಸರುಗಳನ್ನು ಅವರು ಓದಿದರು. ಆ ಪಾಠದ ಮೇಲೆ ಮಯೂರಶರ್ಮನ ದಿಗ್ವಿಜಯದ ಚಿತ್ರವೊಂದು ಪಠ್ಯಪುಸ್ತಕಗಳಲ್ಲಿ ನೆಲೆಗೊಂಡಿತು. ಅನಂತರದ ವಿದ್ವಾಂಸರು ಬಂಡೆಯನ್ನೇ ಮತ್ತೆ ಪರೀಕ್ಷಿಸಿ ಬೇರೆ ಪಾಠವನ್ನು ಮುಂದಿಟ್ಟರು. ಆ ಜನಾಂಗಗಳ ಪಟ್ಟಿ ಅಲ್ಲಿದೆಯೆಂಬುದನ್ನೇ ಪ್ರಶ್ನಿಸಿದರು. ಯಾವ ಪಾಠ ಗ್ರಾಹ್ಯವೆಂಬುದು ಇಲ್ಲಿ ನಮ್ಮ ವಿಚಾರವಲ್ಲ. ಚರ್ಚೆ ಸಾಧ್ಯವಾದುದೇ ಬಂಡೆ ಉಳಿದಿದ್ದುದರಿಂದ ಎಂಬುದಷ್ಟೇ ಇಲ್ಲಿ ಗಮನಾರ್ಹ. ವರದಿಯೊಂದೇ ಉಳಿದು ಬಂಡೆ ನಾಶವಾಗಿದ್ದರೆ ಮೊದಲ ಓದೇ ಕೊನೆಯ ಓದಾಗುತ್ತಿತ್ತು.

ತಂತ್ರಾಂಶದ ಲೋಕದಲ್ಲಿ ಬಹುಕಾಲ ಹೀಗೆಯೇ ಆಗುತ್ತಿತ್ತು. ಜನರ ಕೈಗೆ ಸೇರುತ್ತಿದ್ದುದು ಪ್ಯಾಕೇಜು. ಅದರ ಹಿಂದಿನ ಮೂಲ ಎಲ್ಲೋ ಇರುತ್ತಿತ್ತು. ಎರಡರ ನಡುವಿನ ಸಂಬಂಧವನ್ನು ಪ್ಯಾಕೇಜು ಕಟ್ಟಿದವನ ಮಾತಿನಿಂದಲೇ ನಂಬಬೇಕಾಗಿತ್ತು.

೩. ಉಪಕರಣಗಳ ಹುಟ್ಟು

ಮೂಲಸಂಕೇತದ ಬದಲಾವಣೆಗಳನ್ನು ದಾಖಲೆಮಾಡುವ ವ್ಯವಸ್ಥೆಗಳಲ್ಲಿ ಪ್ರಾಚೀನವಾದುವುಗಳಲ್ಲಿ ಒಂದು ಎಸ್‌ಸಿಸಿಎಸ್. ಅದನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮಾರ್ಕ್ ರಾಕ್‌ಕೈಂಡ್ ೧೯೭೨ರಲ್ಲಿ ಆರಂಭಿಸಿದರು. ೧೯೮೨ರಲ್ಲಿ ವಾಲ್ಟರ್ ಟಿಕಿ ಆರ್‌ಸಿಎಸ್ ಅನ್ನೂ, ೧೯೮೬ರಲ್ಲಿ ಡಿಕ್ ಗ್ರೂನ ಸಿವಿಎಸ್ ಅನ್ನೂ ಹೊರತಂದರು. ಇವೆಲ್ಲ ಭಂಡಾರದ ಕಡೆಯ ಸಾಧನಗಳು.

ನಿರ್ಮಾಣದ ಕಡೆಯಲ್ಲಿ ೧೯೭೬ರಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ ರಚಿಸಿದ ಮೇಕ್ ಎಂಬ ಸಾಧನವು ಯಾವ ಕಡತ ಯಾವುದರಿಂದ ಹುಟ್ಟುತ್ತದೆಂಬ ನಿಯಮಗಳನ್ನು ಓದಿ, ಬದಲಾದಷ್ಟನ್ನೇ ಮತ್ತೆ ಕಟ್ಟುವ ಕ್ರಮವನ್ನು ಜಾರಿಗೆ ತಂದಿತು. ಅನೇಕ ಕಡತಗಳನ್ನು ಒಂದೇ ಕಟ್ಟಾಗಿ ಕಟ್ಟುವ ಟಾರ್ ಎಂಬುದು ೧೯೭೯ರ ಯೂನಿಕ್ಸ್ ಏಳನೆಯ ಆವೃತ್ತಿಯೊಡನೆ ಬಂದಿತು. ೧೯೮೫ರಲ್ಲಿ ಲ್ಯಾರಿ ವಾಲ್ ರಚಿಸಿದ ಪ್ಯಾಚ್ ಎಂಬುದರಿಂದ ಎರಡು ಪಾಠಗಳ ವ್ಯತ್ಯಾಸವನ್ನು ಮಾತ್ರ ಅಂಚೆಯಲ್ಲಿ ಕಳುಹಿಸಿ, ದೂರದಲ್ಲಿರುವವರು ತಮ್ಮ ಪ್ರತಿಗೆ ಅದನ್ನು ಅಳವಡಿಸಿಕೊಳ್ಳುವುದು ಸಾಧ್ಯವಾಯಿತು. ತಿದ್ದೋಲೆಯನ್ನು ಗ್ರಂಥಕ್ಕೆ ಸೇರಿಸಿಕೊಂಡಂತೆ ಇದು.

ಆದರೆ ಭಂಡಾರದ ಸಾಧನಗಳೂ ನಿರ್ಮಾಣದ ಸಾಧನಗಳೂ ಬೇರೆ ಬೇರೆ ದಾರಿಯಲ್ಲಿ ಬೆಳೆದುವೆಂಬುದನ್ನು ಗಮನಿಸಬೇಕು. ಅವುಗಳ ನಡುವೆ ನಿಂತದ್ದು ಟಾರ್ ಕಟ್ಟು. ಕರ್ತೃವು ತನ್ನ ಭಂಡಾರದಿಂದ ಕಡತಗಳನ್ನು ಹೊರತೆಗೆದು, ಕೆಲವನ್ನು ಬಿಟ್ಟು, ಯಂತ್ರದಿಂದ ಹುಟ್ಟಿದ ಕೆಲವನ್ನು ಸೇರಿಸಿ, ಒಂದು ಕಟ್ಟನ್ನು ಮಾಡಿ ಪ್ರಕಟಿಸುವನು. ಉಳಿದವರೆಲ್ಲ ಆ ಕಟ್ಟನ್ನೇ ಮೂಲವೆಂದು ಭಾವಿಸುವರು. ಬಂಡೆಗೂ ಸಂಪುಟಕ್ಕೂ ನಡುವೆ ಹೀಗೆ ಮೂರನೆಯ ವಸ್ತುವೊಂದು ಬಂದು ಸೇರಿತು. ಮುಂದಿನ ತೊಡಕುಗಳಲ್ಲಿ ಹೆಚ್ಚಿನವು ಇದರಿಂದಲೇ ಹುಟ್ಟಿದುವು.

೪. ಮೇಲ್ಹರಿವು ಮತ್ತು ಕೆಳಹರಿವು

೧೯೯೩ರ ಆಗಸ್ಟ್ ೧೬ರಂದು ಇಯಾನ್ ಮರ್ಡಾಕ್ ಡೆಬಿಯನ್ ಎಂಬ ವಿತರಣಾ ಯೋಜನೆಯನ್ನು ಘೋಷಿಸಿದರು. ೧೯೯೫ರಲ್ಲಿ ರೆಡ್‌ಹ್ಯಾಟ್ ಸಂಸ್ಥೆಯು ಆರ್‌ಪಿಎಂ ಎಂಬ ಪ್ಯಾಕೇಜು ವ್ಯವಸ್ಥೆಯನ್ನು ತನ್ನ ವಿತರಣೆಯಲ್ಲಿ ಬಳಕೆಗೆ ತಂದಿತು. ಇವೆರಡರಲ್ಲಿಯೂ ಒಂದು ಸಮಾನ ನಿಯಮವಿತ್ತು: ಕರ್ತೃವಿನ ಟಾರ್ ಕಟ್ಟನ್ನು ಮುಟ್ಟದೆ ಹಾಗೆಯೇ ಇಟ್ಟುಕೊಂಡು, ವಿತರಕರು ಮಾಡುವ ತಿದ್ದುಪಡಿಗಳನ್ನು ಪ್ರತ್ಯೇಕವಾಗಿ ಪಕ್ಕದಲ್ಲಿ ಇಡಬೇಕು. ಡೆಬಿಯನ್ನಿನಲ್ಲಿ ಮೂಲದ ಕಟ್ಟು, ವ್ಯತ್ಯಾಸದ ಕಡತ, ಎರಡನ್ನೂ ವರ್ಣಿಸುವ ವಿವರಣಪತ್ರ ಎಂದು ಮೂರು ಭಾಗಗಳಿದ್ದುವು. ಒಳ್ಳೆಯ ಸಂಪಾದಕನು ಮೂಲಪಾಠವನ್ನು ಮೇಲೆ ಮುದ್ರಿಸಿ, ತನ್ನ ತಿದ್ದುಪಡಿಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಕ್ರಮಕ್ಕೆ ಇದು ಸಮನಾದುದು.

ಈ ವ್ಯವಹಾರದಲ್ಲಿ ಕರ್ತೃಗಳ ಪಕ್ಷವನ್ನು ಮೇಲ್ಹರಿವು ಎಂದೂ ವಿತರಕರ ಪಕ್ಷವನ್ನು ಕೆಳಹರಿವು ಎಂದೂ ಕರೆಯುವ ರೂಢಿ ಬೆಳೆಯಿತು. ಹೊಳೆಯಿಂದ ಪಡೆದ ಈ ಮಾತು ನಮ್ಮ ಸೀಮೆಯವರಿಗೆ ಬೇಗ ಅರ್ಥವಾಗತಕ್ಕದ್ದು. ವೇದಾವತಿಯು ಹೊಸದುರ್ಗ ಸೀಮೆಯನ್ನು ಹಾದುಬಂದು ಹಿರಿಯೂರಿನ ಮಾರಿಕಣಿವೆಯಲ್ಲಿ ನಿಲ್ಲುತ್ತದೆ. ೧೯೦೭ರಲ್ಲಿ ಮುಗಿದ ಅಲ್ಲಿಯ ವಾಣಿವಿಲಾಸ ಸಾಗರವು ೧೯೩೩ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದುದು ೨೦೨೨ರಲ್ಲಿ. ಮೇಲಿನ ಸೀಮೆಯಲ್ಲಿ ಏನಾಯಿತೆಂಬುದನ್ನು ಕೆಳಗಿನ ಜಲಾಶಯವೇ ಹೇಳುತ್ತದೆ. ಚಿತ್ರದುರ್ಗದ ಕೋಟೆಯಲ್ಲಿಯೂ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡ, ಸಿಹಿನೀರು ಹೊಂಡ, ಸಂತೆ ಹೊಂಡಗಳನ್ನು ಮೇಲಿನದು ತುಂಬಿದ ನೀರು ಕೆಳಗಿನದಕ್ಕೆ ಇಳಿಯುವಂತೆ ಜೋಡಿಸಿದ್ದಾರೆ. ಮೇಲಿನ ಹೊಂಡ ಕದಡಿದರೆ ಕೆಳಗಿನ ಹೊಂಡದ ಕಾವಲು ಎಷ್ಟಿದ್ದರೂ ಪ್ರಯೋಜನವಿಲ್ಲ. ತಂತ್ರಾಂಶದಲ್ಲಿಯೂ ಹಾಗೆಯೇ.

ಈ ಘಟ್ಟದ ಕೊರತೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ವಿತರಕನ ತಿದ್ದುಪಡಿಗಳೆಲ್ಲ ಒಂದೇ ವ್ಯತ್ಯಾಸಕಡತದಲ್ಲಿ ಬೆರೆತುಹೋಗಿ, ಯಾವ ತಿದ್ದುಪಡಿ ಯಾವ ಕಾರಣಕ್ಕಾಗಿ ಬಂದಿತೆಂಬುದು ತಿಳಿಯುತ್ತಿರಲಿಲ್ಲ. ಟಾರ್ ಕಟ್ಟಿನ ಹಿಂದಿದ್ದ ಭಂಡಾರದ ಇತಿಹಾಸವು ವಿತರಕನಿಗೆ ಕಾಣುತ್ತಿರಲಿಲ್ಲ.

೫. ಗಿಟ್ ವ್ಯವಸ್ಥೆಯ ಉದಯ

ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ರಚಿಸುತ್ತಿದ್ದವರು ೨೦೦೨ರಿಂದ ಬಿಟ್‌ಕೀಪರ್ ಎಂಬ ಖಾಸಗಿ ಸಾಧನವನ್ನು ಬಳಸುತ್ತಿದ್ದರು. ೨೦೦೫ರಲ್ಲಿ ಅದರ ಉಚಿತ ಬಳಕೆಗೆ ಕೊಟ್ಟಿದ್ದ ಅನುಮತಿ ಹಿಂತೆಗೆಯಲ್ಪಟ್ಟಿತು. ಲೀನಸ್ ಟೊರ್ವಾಲ್ಡ್ಸ್ ಆ ವರ್ಷದ ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಗಿಟ್‌ನ ರಚನೆಗೆ ಕೈಹಾಕಿದರು; ಏಪ್ರಿಲ್ ೭ರ ಹೊತ್ತಿಗೆ ಗಿಟ್ ತನ್ನ ಮೂಲವನ್ನು ತಾನೇ ಕಾಪಾಡಿಕೊಳ್ಳತೊಡಗಿತ್ತು. ಜುಲೈಯಲ್ಲಿ ಅದರ ಪಾಲನೆ ಜುನಿಯೊ ಹಮಾನೊ ಅವರ ಕೈಗೆ ಬಂದಿತು.

ಗಿಟ್‌ನ ವಿಶೇಷ ಎರಡು ಬಗೆಯದು. ಮೊದಲನೆಯದಾಗಿ, ಭಂಡಾರದ ಒಂದೊಂದು ನಕಲಿನಲ್ಲಿಯೂ ಸಮಗ್ರ ಇತಿಹಾಸವಿರುತ್ತದೆ. ಹಿಂದಿನ ಸಿವಿಎಸ್ ಮುಂತಾದುವುಗಳಲ್ಲಿ ಇತಿಹಾಸವು ಒಂದು ಕೇಂದ್ರದಲ್ಲಿ ಮಾತ್ರ ಇದ್ದು, ಆ ಕೇಂದ್ರ ಕೆಟ್ಟರೆ ಎಲ್ಲವೂ ಕೆಡುವ ಭಯವಿತ್ತು. ಎರಡನೆಯದಾಗಿ, ಭಂಡಾರದ ಪ್ರತಿಯೊಂದು ಕಡತಕ್ಕೂ, ಕಡತಗಳ ಪ್ರತಿಯೊಂದು ಜೋಡಣೆಗೂ, ಕಮಿಟ್ ಎಂದು ಕರೆಯಲ್ಪಡುವ ಪ್ರತಿಯೊಂದು ದಾಖಲೆಗೂ ಅದರ ಒಳಪಠ್ಯದಿಂದಲೇ ಲೆಕ್ಕಹಾಕಿ ಪಡೆದ ಹೆಸರಿರುತ್ತದೆ. ಮೊದಲಿನಿಂದ ಇದಕ್ಕೆ ಬಳಸಿದ ಎಸ್‌ಎಚ್‌ಎ-೧ ಎಂಬ ಗಣಿತಕ್ರಮದಲ್ಲಿ ಆ ಹೆಸರು ೪೦ ಅಕ್ಷರಗಳಷ್ಟು ಉದ್ದ. ಒಂದು ಕಮಿಟ್‌ನ ಹೆಸರಿನ ಲೆಕ್ಕದಲ್ಲಿ ಅದರ ಹಿಂದಿನ ಕಮಿಟ್‌ನ ಹೆಸರೂ ಸೇರುವುದರಿಂದ, ಹಳೆಯದೊಂದರಲ್ಲಿ ಅಕ್ಷರವೊಂದು ಬದಲಾದರೂ ಅದರಿಂದ ಮುಂದಿನ ಎಲ್ಲ ಹೆಸರುಗಳೂ ಬದಲಾಗಬೇಕಾಗುತ್ತದೆ.

ರೈಸ್ ಅವರ ಸಂಖ್ಯೆಗಳೊಡನೆ ಇದನ್ನು ಹೋಲಿಸಬಹುದು. ಶಾಸನದ ಸಂಖ್ಯೆಯು ಸಂಪಾದಕನು ಕೊಟ್ಟ ಹೆಸರು. ಕಲ್ಲಿನ ಅಕ್ಷರ ಸವೆದರೂ ಸಂಖ್ಯೆ ಅದೇ ಆಗಿರುತ್ತದೆ. ಗಿಟ್‌ನ ಹೆಸರಾದರೋ ಅಕ್ಷರಗಳಿಂದಲೇ ಹುಟ್ಟಿದುದರಿಂದ, ಅಕ್ಷರ ಕೆಟ್ಟರೆ ಹೆಸರೂ ಕೂಡಿಬರುವುದಿಲ್ಲ. ಈ ಗಣಿತವೂ ಅಭೇದ್ಯವಲ್ಲ. ೨೦೧೭ರಲ್ಲಿ ಎಸ್‌ಎಚ್‌ಎ-೧ರಲ್ಲಿ ಒಂದೇ ಹೆಸರು ಬರುವ ಎರಡು ಭಿನ್ನ ಕಡತಗಳನ್ನು ಸಂಶೋಧಕರು ಕಟ್ಟಿ ತೋರಿಸಿದರು. ಅಂಥವನ್ನು ಗುರುತಿಸುವ ಪರೀಕ್ಷೆಯನ್ನು ಗಿಟ್ ಅದೇ ವರ್ಷ ಸೇರಿಸಿಕೊಂಡಿತು. ೨೦೨೦ರಲ್ಲಿ ಎಸ್‌ಎಚ್‌ಎ-೨೫೬ ಎಂಬ ಬಲವಾದ ಕ್ರಮಕ್ಕೆ ಪ್ರಾಯೋಗಿಕವಾಗಿ ಎಡೆಮಾಡಿಕೊಟ್ಟಿತು.

೬. ಜೋಡಣೆಯ ಮೂರು ಮಾರ್ಗಗಳು

ಕರ್ತೃಗಳು ಒಬ್ಬೊಬ್ಬರಾಗಿ ಗಿಟ್‌ಗೆ ಬಂದಂತೆ ವಿತರಕರೂ ತಮ್ಮ ಕೆಲಸವನ್ನು ಅದರಲ್ಲಿಡಲು ತೊಡಗಿದರು. ಆದರೆ ಪ್ಯಾಕೇಜು ಕಟ್ಟುವ ಯಂತ್ರಗಳು ಆಗಲೂ ಟಾರ್ ಕಟ್ಟುಗಳನ್ನೇ ಬೇಡುತ್ತಿದ್ದುವು. ಈ ವಿರೋಧವನ್ನು ಪರಿಹರಿಸಲು ಹೊರಟ ಮಾರ್ಗಗಳನ್ನು ಮೂರಾಗಿ ವಿಂಗಡಿಸಬಹುದು.

ಮೊದಲನೆಯ ಮಾರ್ಗದಲ್ಲಿ ಕರ್ತೃವಿನ ಮೂಲವೂ ವಿತರಕನ ಕೆಲಸವೂ ಒಂದೇ ಭಂಡಾರದ ಬೇರೆ ಬೇರೆ ಶಾಖೆಗಳಲ್ಲಿರುತ್ತವೆ. ಡೆಬಿಯನ್ನಿಗಾಗಿ ಗೀಡೊ ಗ್ಯುಂಟರ್ ೨೦೦೬ರಲ್ಲಿ ಆರಂಭಿಸಿದ ಗಿಟ್-ಬಿಲ್ಡ್‌ಪ್ಯಾಕೇಜ್ ಈ ಮಾರ್ಗದ ಮುಖ್ಯ ಸಾಧನ. ಕರ್ತೃವಿನ ಹೊಸ ಆವೃತ್ತಿ ಬಂದಾಗ ಅದನ್ನು ಮೇಲ್ಹರಿವಿನ ಶಾಖೆಗೆ ತಂದು, ವಿತರಕನ ಶಾಖೆಯೊಡನೆ ಕೂಡಿಸಿ, ಅಲ್ಲಿಂದ ಪ್ಯಾಕೇಜನ್ನು ಕಟ್ಟುವುದು ಇದರ ಕ್ರಮ. ಟಾರ್ ಕಟ್ಟನ್ನು ಬೇಡುವ ಯಂತ್ರವನ್ನು ತೃಪ್ತಿಪಡಿಸಲು ೨೦೦೭ರಲ್ಲಿ ಜೋಯಿ ಹೆಸ್ ಪ್ರಿಸ್ಟೀನ್-ಟಾರ್ ಎಂಬುದನ್ನು ರಚಿಸಿದರು. ಭಂಡಾರದಲ್ಲಿರುವ ಕಡತಗಳಿಗೂ ಪ್ರಕಟವಾದ ಕಟ್ಟಿಗೂ ಇರುವ ಸಣ್ಣ ವ್ಯತ್ಯಾಸವನ್ನು ಮಾತ್ರ ಅದು ನೆನಪಿನಲ್ಲಿಟ್ಟುಕೊಂಡು, ಬೇಕಾದಾಗ ಅದೇ ಕಟ್ಟನ್ನು ಬಿಟ್ಟೂ ತಪ್ಪದಂತೆ ಮತ್ತೆ ಹುಟ್ಟಿಸುತ್ತದೆ.

ಎರಡನೆಯ ಮಾರ್ಗದಲ್ಲಿ ವಿತರಕನ ಕೆಲಸ ಮಾತ್ರ ಗಿಟ್‌ನಲ್ಲಿರುತ್ತದೆ. ಫೆಡೋರಾ ಯೋಜನೆಯು ೨೦೧೦ರಲ್ಲಿ ತನ್ನ ಪ್ಯಾಕೇಜುಗಳ ನಿರ್ಮಾಣಪತ್ರಗಳನ್ನು ಸಿವಿಎಸ್‌ನಿಂದ ಗಿಟ್‌ಗೆ ಸಾಗಿಸಿತು. ಅಲ್ಲಿ ನಿರ್ಮಾಣಪತ್ರವೂ ತೇಪೆಗಳೂ ಭಂಡಾರದಲ್ಲಿ ಇರುತ್ತವೆ. ಕರ್ತೃವಿನ ಟಾರ್ ಕಟ್ಟು ಮಾತ್ರ ಪ್ರತ್ಯೇಕ ಉಗ್ರಾಣದಲ್ಲಿದ್ದು, ಅದರ ಹೆಸರೂ ಪರೀಕ್ಷಾಸಂಖ್ಯೆಯೂ ಭಂಡಾರದಲ್ಲಿ ದಾಖಲಾಗುತ್ತವೆ. ಕೋಜಿ ಎಂಬ ನಿರ್ಮಾಣಯಂತ್ರವು ನಿರ್ದಿಷ್ಟ ಕಮಿಟ್ ಒಂದನ್ನು ತೆಗೆದುಕೊಂಡು ಪ್ಯಾಕೇಜನ್ನು ಕಟ್ಟುತ್ತದೆ. ಜೆಂಟೂ ವಿತರಣೆಯ ನಿರ್ಮಾಣಪತ್ರಗಳೂ ೨೦೧೫ರಲ್ಲಿ ಗಿಟ್‌ಗೆ ಬಂದುವು. ಆರ್ಚ್ ವಿತರಣೆಯ ಬಳಕೆದಾರರ ಸಂಗ್ರಹವೂ ಅದೇ ವರ್ಷ ಗಿಟ್‌ನ ಆಧಾರದ ಮೇಲೆ ಪುನಾರಚಿತವಾಯಿತು. ಈ ಮಾರ್ಗವು ಹಗುರವಾದುದು, ಸಾವಿರಾರು ಪ್ಯಾಕೇಜುಗಳಿಗೆ ಅನುಕೂಲವಾದುದು. ಆದರೆ ಕರ್ತೃವಿನ ಇತಿಹಾಸ ಇಲ್ಲಿಯೂ ಹೊರಗೇ ಉಳಿಯುತ್ತದೆ.

ಮೂರನೆಯ ಮಾರ್ಗವು ವಿತರಣೆಯ ಸಂಗ್ರಹವನ್ನೇ ಗಿಟ್ ಭಂಡಾರವಾಗಿ ಕಾಣುವುದು. ೨೦೧೩ರಲ್ಲಿ ಇಯಾನ್ ಜಾಕ್ಸನ್ ರಚಿಸಿದ ಡಿಗಿಟ್ ಇದಕ್ಕೆ ನಿದರ್ಶನ. ಡೆಬಿಯನ್ನಿನ ಯಾವ ಪ್ಯಾಕೇಜನ್ನಾದರೂ, ಅದರ ಪಾಲಕರು ಯಾವ ಕ್ರಮವನ್ನು ಅನುಸರಿಸುತ್ತಿದ್ದರೂ, ಒಂದೇ ರೀತಿಯ ಗಿಟ್ ಭಂಡಾರವಾಗಿ ಪಡೆಯಬಹುದು. ಅಲ್ಲಿ ಕಾಣುವ ಕಡತಗಳೇ ನಿರ್ಮಾಣಕ್ಕೆ ಹೋಗುವ ಕಡತಗಳು. ಹೊಸಬನಿಗೆ ಇದರಿಂದಾದ ಉಪಕಾರ ದೊಡ್ಡದು. ಒಂದೊಂದು ಪ್ಯಾಕೇಜಿನ ಒಳಕಟ್ಟಳೆಯನ್ನೂ ಕಲಿಯದೆ ಅವನು ಮೂಲವನ್ನು ತಿದ್ದಬಹುದು.

ಈ ಮೂರರಲ್ಲಿ ಯಾವುದು ಉತ್ತಮವೆಂಬ ವಾದ ಇಂದಿಗೂ ಮುಗಿದಿಲ್ಲ. ಅದು ಬರಿಯ ಅನುಕೂಲದ ಪ್ರಶ್ನೆಯೆಂದು ಬಹುಮಂದಿ ಭಾವಿಸಿದ್ದರು. ೨೦೨೪ರ ಘಟನೆಯೊಂದು ಅದು ನಂಬಿಕೆಯ ಪ್ರಶ್ನೆಯೂ ಹೌದೆಂಬುದನ್ನು ಎಲ್ಲರಿಗೂ ತೋರಿಸಿತು.

೭. ಎಕ್ಸ್‌ಜೆಡ್ ಪ್ರಕರಣ

ಕಡತಗಳ ಗಾತ್ರವನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬುದು ಲಿನಕ್ಸ್ ವಿತರಣೆಗಳಲ್ಲೆಲ್ಲ ಕಾಣುವ ಒಂದು ಸಾಧಾರಣ ತಂತ್ರಾಂಶ. ಜಿಯಾ ಟಾನ್ ಎಂಬ ಹೆಸರನ್ನಿಟ್ಟುಕೊಂಡ ಒಬ್ಬ ಸಹಾಯಕ ೨೦೨೧ರಿಂದ ಮೊದಲುಗೊಂಡು ಅದರ ಕೆಲಸದಲ್ಲಿ ತೊಡಗಿ, ಕ್ರಮೇಣ ಆವೃತ್ತಿಗಳನ್ನು ಪ್ರಕಟಿಸುವ ಅಧಿಕಾರವನ್ನು ಪಡೆದುಕೊಂಡಿದ್ದನು. ೨೦೨೪ರ ಫೆಬ್ರುವರಿ ೨೪ರಂದು ೫.೬.೦ ಆವೃತ್ತಿಯೂ, ಮಾರ್ಚ್ ೯ರಂದು ೫.೬.೧ ಆವೃತ್ತಿಯೂ ಹೊರಬಂದುವು. ಮಾರ್ಚ್ ೨೯ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಆ ಎರಡರಲ್ಲಿಯೂ ಕಳ್ಳಬಾಗಿಲೊಂದು ಅಡಗಿದೆಯೆಂದು ಜಗತ್ತಿಗೆ ತಿಳಿಸಿದರು. ದೂರದ ಯಂತ್ರವನ್ನು ಪ್ರವೇಶಿಸುವ ಕ್ರಿಯೆ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದ್ದುದನ್ನು ಕಂಡು, ಕಾರಣವನ್ನು ಬೆನ್ನಟ್ಟಿಹೋದಾಗ ಅವರಿಗೆ ಇದು ಸಿಕ್ಕಿತು.

ನಮ್ಮ ವಿಷಯಕ್ಕೆ ಸಂಬಂಧಿಸಿದ ಅಂಶ ಮುಂದಿನದು. ಕೇಡಿನ ಸಾಮಗ್ರಿಯು ಪರೀಕ್ಷೆಗಾಗಿ ಇಟ್ಟ ಕಡತಗಳ ವೇಷದಲ್ಲಿ ಗಿಟ್ ಭಂಡಾರದಲ್ಲಿಯೇ ಇತ್ತು. ಆದರೆ ಅದನ್ನು ಎಬ್ಬಿಸುವ ಕೀಲಿಕೈ, ಎಂದರೆ ತಿದ್ದಿದ ಎಂ೪ ಕಡತವೊಂದು, ಭಂಡಾರದಲ್ಲಿರಲಿಲ್ಲ. ಅದು ಪ್ರಕಟವಾದ ಟಾರ್ ಕಟ್ಟಿನಲ್ಲಿ ಮಾತ್ರ ಇತ್ತು. ಭಂಡಾರದಿಂದ ನೇರವಾಗಿ ಕಟ್ಟಿದವನಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಟಾರ್ ಕಟ್ಟಿನಿಂದ ಕಟ್ಟಿದವನಿಗೆ ತೆರೆಯುತ್ತಿತ್ತು. ಅದಕ್ಕಿಂತಲೂ ಸೂಕ್ಷ್ಮವಾದುದೆಂದರೆ, ಡೆಬಿಯನ್ ಅಥವಾ ಆರ್‌ಪಿಎಂ ಪ್ಯಾಕೇಜಿನ ನಿರ್ಮಾಣ ನಡೆಯುತ್ತಿದೆಯೇ ಎಂದು ಆ ಸಂಕೇತವು ಮೊದಲು ಪರೀಕ್ಷಿಸಿ, ಹೌದಾದರೆ ಮಾತ್ರ ಮುಂದುವರಿಯುತ್ತಿತ್ತು. ಭಂಡಾರಕ್ಕೂ ಪ್ಯಾಕೇಜಿಗೂ ನಡುವಿನ ಬಿರುಕನ್ನು ಚೆನ್ನಾಗಿ ಅರಿತವನೇ ಇದನ್ನು ಹೂಡಿದ್ದನು.

ಕಟ್ಟಿಗೂ ಭಂಡಾರಕ್ಕೂ ಭೇದವಿದ್ದುದನ್ನು ಯಾರೂ ಏಕೆ ಗಮನಿಸಲಿಲ್ಲ? ಇಂಥ ಭೇದ ವಾಡಿಕೆಯದಾಗಿದ್ದುದೇ ಇದಕ್ಕೆ ಕಾರಣ. ಯಂತ್ರದಿಂದ ಹುಟ್ಟಿಸಿದ ಸಾವಿರಾರು ಸಾಲುಗಳ ಕಡತಗಳನ್ನು ಕಟ್ಟಿಗೆ ಸೇರಿಸುವ ಪದ್ಧತಿ ಹಳೆಯದು. ಅಷ್ಟೊಂದು ನಿರ್ದೋಷವಾದ ಭೇದಗಳ ಸಂತೆಯಲ್ಲಿ ದೋಷಯುಕ್ತವಾದುದೊಂದು ಕಾಣದೆ ನುಸುಳಿತು. ಪ್ರಕ್ಷೇಪವು ಎಲ್ಲಿ ಸುಲಭವಾಗಿ ಸೇರುತ್ತದೆಂಬುದನ್ನು ಗ್ರಂಥಸಂಪಾದಕರು ಬಲ್ಲರು: ಪಾಠಾಂತರಗಳು ಹೇರಳವಾಗಿ, ಯಾರೂ ಲೆಕ್ಕವಿಡದ ಕಡೆಯಲ್ಲಿಯೇ.

ಡೆಬಿಯನ್ನಿನ ಪರೀಕ್ಷಾಶಾಖೆಗಳನ್ನೂ ಫೆಡೋರಾದ ಮುಂದಿನ ಆವೃತ್ತಿಯ ಪೂರ್ವರೂಪವನ್ನೂ ಅದು ಮುಟ್ಟಿತ್ತು. ಸ್ಥಿರ ಆವೃತ್ತಿಗಳನ್ನು ಸೇರುವುದಕ್ಕೆ ಮುನ್ನವೇ ಬಯಲಾಯಿತು. ವಿಚಾರಶೀಲರಿಗೆ ಇದು ಸಮಾಧಾನಕ್ಕಿಂತ ಎಚ್ಚರಿಕೆಯನ್ನೇ ಹೆಚ್ಚಾಗಿ ಕೊಡತಕ್ಕದ್ದು.

೮. ಬಿರುಕನ್ನು ಮುಚ್ಚುವ ಯತ್ನಗಳು

ಟಾರ್ ಕಟ್ಟನ್ನೇ ಬಿಟ್ಟು ಗಿಟ್ ಭಂಡಾರದಿಂದಲೇ ನಿರ್ಮಾಣಮಾಡಬಾರದೇ ಎಂಬ ಪ್ರಶ್ನೆ ಸಹಜವಾದುದು. ಉತ್ತರ ಕಾಣುವಷ್ಟು ಸುಲಭವಲ್ಲ. ಭಂಡಾರದಿಂದ ಯಂತ್ರವು ತಾನಾಗಿ ಕಟ್ಟಿಕೊಡುವ ಕಟ್ಟುಗಳು ಯಾವಾಗಲೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ೨೦೨೩ರ ಜನವರಿಯಲ್ಲಿ ಗಿಟ್‌ಹಬ್ ಎಂಬ ಪ್ರಸಿದ್ಧ ಭಂಡಾರಗೃಹವು ಕಟ್ಟುಗಳನ್ನು ಕುಗ್ಗಿಸುವ ಕ್ರಮವನ್ನು ಬದಲಿಸಿದಾಗ, ಒಳಗಿನ ಕಡತಗಳು ಒಂದಿಷ್ಟೂ ಬದಲಾಗದಿದ್ದರೂ ಕಟ್ಟಿನ ಪರೀಕ್ಷಾಸಂಖ್ಯೆಗಳು ಬದಲಾಗಿ, ಆ ಸಂಖ್ಯೆಗಳನ್ನು ನಂಬಿದ್ದ ಅನೇಕ ನಿರ್ಮಾಣವ್ಯವಸ್ಥೆಗಳು ನಿಂತುಹೋದುವು. ಆ ಬದಲಾವಣೆಯನ್ನು ಕೂಡಲೇ ಹಿಂತೆಗೆಯಬೇಕಾಯಿತು. ಕಟ್ಟಿನ ಹೊದಿಕೆಯನ್ನಲ್ಲ, ಒಳಗಿನ ಪಠ್ಯವನ್ನು ಗುರುತಿಗೆ ಆಧಾರವಾಗಿ ಹಿಡಿಯಬೇಕೆಂಬ ಪಾಠ ಇದರಿಂದ ದೊರೆಯಿತು.

ಇನ್ನೊಂದು ಯತ್ನ ಟ್ಯಾಗ್-ಟು-ಅಪ್‌ಲೋಡ್ ಎಂಬುದು. ಇಯಾನ್ ಜಾಕ್ಸನ್ ಮತ್ತು ಶಾನ್ ವಿಟ್ಟನ್ ೨೦೧೯ರಲ್ಲಿ ಮುಂದಿಟ್ಟ ಈ ಯೋಜನೆ ದೀರ್ಘ ಚರ್ಚೆಯ ಅನಂತರ ೨೦೨೫ರಲ್ಲಿ ಡೆಬಿಯನ್ನಿನಲ್ಲಿ ಬಳಕೆಗೆ ಬಂದಿತು. ಪಾಲಕನು ಗಿಟ್ ಭಂಡಾರದ ಒಂದು ಕಮಿಟ್‌ಗೆ ಸಹಿಮಾಡಿದ ಮುದ್ರೆಯನ್ನು ಒತ್ತುವನು. ಅದನ್ನು ಕಂಡ ಸೇವಾಯಂತ್ರವು ಆ ಕಮಿಟ್‌ನಿಂದ ಮೂಲಪ್ಯಾಕೇಜನ್ನು ತಾನೇ ಸಿದ್ಧಪಡಿಸಿ ಸಂಗ್ರಹಕ್ಕೆ ಕಳುಹಿಸುವುದು. ಪಾಲಕನ ಸ್ವಂತ ಯಂತ್ರದಲ್ಲಿ ಕಟ್ಟನ್ನು ಕಟ್ಟುವ ಹಂತವೇ ಇಲ್ಲಿ ಇಲ್ಲವಾಗುತ್ತದೆ. ಪಾಲಕನು ಯಾವುದನ್ನು ಓದಿ ಸಹಿಮಾಡಿದನೋ ಅದೇ ಪ್ರಕಟವಾಗುತ್ತದೆ.

ಮೂರನೆಯದು ಪುನರುತ್ಪಾದ್ಯ ನಿರ್ಮಾಣದ ಚಳವಳಿ. ೨೦೧೩ರಿಂದ ಡೆಬಿಯನ್ನಿನಲ್ಲಿ ಬೆಳೆದ ಈ ಪ್ರಯತ್ನದ ಗುರಿ, ಒಂದೇ ಮೂಲದಿಂದ ಯಾರು ಎಲ್ಲಿ ಕಟ್ಟಿದರೂ ಬಿಟ್ಟಿಗೆ ಬಿಟ್ಟು ಒಂದೇ ಪ್ಯಾಕೇಜು ಬರುವಂತೆ ಮಾಡುವುದು. ಕಟ್ಟಿದ ದಿನಾಂಕ, ಯಂತ್ರದ ಹೆಸರು, ಕಡತಗಳ ಅನುಕ್ರಮ ಮುಂತಾದ ಆಕಸ್ಮಿಕಗಳು ಒಳಸೇರದಂತೆ ನೋಡಿಕೊಂಡರೆ ಇದು ಸಾಧ್ಯ. ಎರಡು ಊರಿನವರು ಬೇರೆ ಬೇರೆಯಾಗಿ ಅಚ್ಚು ತೆಗೆದು ಒಂದೇ ಪಾಠವನ್ನು ಪಡೆದರೆ ಆ ಪಾಠದಲ್ಲಿ ನಮಗೆ ಹುಟ್ಟುವ ವಿಶ್ವಾಸವೇ ಇಲ್ಲಿಯೂ ಹುಟ್ಟುತ್ತದೆ.

ಇಷ್ಟಾದರೂ ಭ್ರಾಂತಿಗೆ ಎಡೆಗೊಡಬಾರದು. ಎಕ್ಸ್‌ಜೆಡ್ ಪ್ರಕರಣದ ಅರ್ಧಭಾಗ ಗಿಟ್ ಭಂಡಾರದಲ್ಲಿಯೇ ಇದ್ದಿತು. ಕೆನ್ ಥಾಂಪ್ಸನ್ ೧೯೮೪ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಉಪನ್ಯಾಸದಲ್ಲಿ, ಅನುವಾದಕ ತಂತ್ರಾಂಶವೇ ಕೆಟ್ಟಿದ್ದರೆ ನಿರ್ದೋಷವಾದ ಮೂಲದಿಂದಲೂ ದುಷ್ಟ ಫಲ ಹುಟ್ಟಬಹುದೆಂದು ತೋರಿಸಿದ್ದರು. ಜೋಡಣೆಯಿಂದಾಗುವ ಉಪಕಾರ ಮಿತವಾದುದು: ಅದು ಮೂಲವನ್ನು ಶುದ್ಧಗೊಳಿಸುವುದಿಲ್ಲ; ಪ್ರತಿಯನ್ನು ಮೂಲದವರೆಗೆ ಹಿಂಬಾಲಿಸಿ ಪರೀಕ್ಷಿಸುವ ದಾರಿಯನ್ನು ಮಾತ್ರ ತೆರೆದಿಡುತ್ತದೆ. ಓದುವವರಿಲ್ಲದಿದ್ದರೆ ತೆರೆದ ದಾರಿಯಿಂದ ಫಲವಿಲ್ಲ.

೯. ಕನ್ನಡಕ್ಕೆ ಸಂಬಂಧಿಸಿದ ಒಂದು ನಿದರ್ಶನ

ಇದೆಲ್ಲ ದೂರದ ದೇಶಗಳ ತಂತ್ರಜ್ಞರ ವ್ಯವಹಾರವೆಂದು ನಮ್ಮ ಕಾಲೇಜುಗಳವರು ಭಾವಿಸಬೇಕಾಗಿಲ್ಲ. ಡೆಬಿಯನ್ ಸಂಗ್ರಹದಲ್ಲಿ ಕನ್ನಡ ಲಿಪಿಯ ಲೋಹಿತ್, ಗುಬ್ಬಿ, ನವಿಲು ಎಂಬ ಫಾಂಟುಗಳು ಪ್ಯಾಕೇಜುಗಳಾಗಿ ದೊರೆಯುತ್ತವೆ. ಲೋಹಿತ್ ರೆಡ್‌ಹ್ಯಾಟ್ ಸಂಸ್ಥೆಯ ಆಶ್ರಯದಲ್ಲಿ ಹೊರಬಂದ ಸರಣಿಗೆ ಸೇರಿದುದು. ಗುಬ್ಬಿ, ನವಿಲುಗಳು ಕನ್ನಡಿಗರೇ ರಚಿಸಿ, ಮೂಲವನ್ನು ಗಿಟ್ ಭಂಡಾರದಲ್ಲಿ ಬಹಿರಂಗವಾಗಿ ಇಟ್ಟವು.

ಫಾಂಟಿನಲ್ಲಿ ಮೂಲವೆಂದರೇನು? ಬಳಕೆದಾರನ ಕೈಸೇರುವ ಕಡತದಲ್ಲಿ ಅಕ್ಷರಗಳ ರೇಖೆಗಳೂ, ವ್ಯಂಜನಕ್ಕೆ ಒತ್ತಕ್ಷರವು ಎಲ್ಲಿ ಕೂಡಬೇಕು, ಅರ್ಕಾವೊತ್ತು ಎಲ್ಲಿ ನಿಲ್ಲಬೇಕು ಎಂಬ ನಿಯಮಗಳೂ ಯಂತ್ರಕ್ಕೆ ಮಾತ್ರ ಅನುಕೂಲವಾದ ರೂಪದಲ್ಲಿ ಅಡಕವಾಗಿರುತ್ತವೆ. ಫಾಂಟ್‌ಫೋರ್ಜ್ ಎಂಬ ತಂತ್ರಾಂಶದ ಮೂಲಕಡತವಾದರೋ ಪಠ್ಯರೂಪದ್ದು. ಅದರಲ್ಲಿ ಒಂದು ಒತ್ತಕ್ಷರವನ್ನು ಸರಿಸಿದರೆ ಯಾವ ಸಾಲು ಬದಲಾಯಿತೆಂಬುದು ಗಿಟ್‌ನಲ್ಲಿ ಕಾಣುತ್ತದೆ. ಹೀಗೆ ತಿದ್ದಿದ ಮೂಲದಿಂದ ಫಾಂಟನ್ನು ಮತ್ತೆ ಕಟ್ಟಿ, ಪ್ಯಾಕೇಜು ಮಾಡಿ ಹಂಚಿದರೆ, ಆ ತಿದ್ದುಪಡಿ ಮುಂದಿನ ಎಲ್ಲ ಆವೃತ್ತಿಗಳಲ್ಲಿಯೂ ಉಳಿಯುತ್ತದೆ. ಮೂಲವನ್ನು ಬಿಟ್ಟು, ಸಿದ್ಧವಾದ ಫಾಂಟಿನಲ್ಲಿಯೇ ತೇಪೆ ಹಾಕಿದರೆ ಮುಂದಿನ ಆವೃತ್ತಿ ಬಂದ ದಿನ ಆ ಶ್ರಮವೆಲ್ಲ ಅಳಿದುಹೋಗುತ್ತದೆ.

ಯೂನಿಕೋಡ್ ರೂಢಿಗೆ ಬರುವ ಮುನ್ನ ಕನ್ನಡದ ಬರಹಗಳು ಬೇರೆ ಬೇರೆ ಫಾಂಟುಗಳ ಸ್ವಂತ ಸಂಕೇತಗಳಲ್ಲಿ ಬೆರಳಚ್ಚಾಗುತ್ತಿದ್ದುದನ್ನೂ, ಆ ಫಾಂಟು ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ತೋರುತ್ತಿದ್ದುದನ್ನೂ ಹಿರಿಯ ಅಧ್ಯಾಪಕರು ಬಲ್ಲರು. ಸಣ್ಣ ಭಾಷಾಸಮುದಾಯಕ್ಕೆ ಮೂಲದ ನಷ್ಟವು ದೊಡ್ಡ ನಷ್ಟ. ಏಕೆಂದರೆ ಮತ್ತೊಮ್ಮೆ ಅದನ್ನು ರಚಿಸುವ ಕೈಗಳು ಕಡಮೆ.

೧೦. ಉಪಸಂಹಾರ

ಮೇಲಿನ ಸಮೀಕ್ಷೆಯಿಂದ ಮೂರು ಸಂಗತಿಗಳು ಸ್ಥೂಲವಾಗಿ ವಿದಿತವಾಗುತ್ತವೆ. ಭಂಡಾರವೂ ನಿರ್ಮಾಣವೂ ಬೇರೆ ಬೇರೆಯಾಗಿ ಬೆಳೆದುದರಿಂದ ಅವುಗಳ ನಡುವೆ ಟಾರ್ ಕಟ್ಟು ಎಂಬ ಮಧ್ಯವರ್ತಿ ನೆಲೆಗೊಂಡಿತು. ಗಿಟ್ ಬಂದ ಮೇಲೆ ಆ ಮಧ್ಯವರ್ತಿಯನ್ನು ಮೊದಲು ಅನುಕರಿಸುವ, ಅನಂತರ ದಾಖಲಿಸುವ, ಕೊನೆಗೆ ತೊಡೆದುಹಾಕುವ ಪ್ರಯತ್ನಗಳು ಕ್ರಮವಾಗಿ ನಡೆದುವು. ಈ ಪ್ರಯತ್ನಗಳ ಅವಶ್ಯಕತೆಯನ್ನು ವಾದಗಳಿಗಿಂತ ೨೦೨೪ರ ಆಪತ್ತೇ ಹೆಚ್ಚು ಸ್ಪಷ್ಟವಾಗಿ ತಿಳಿಸಿತು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂಥ ಊರುಗಳ ಕಾಲೇಜುಗಳಲ್ಲಿ ಶಾಸನಗಳ ಪಾಠಗಳನ್ನೂ ಸ್ಥಳಚರಿತ್ರೆಯ ಸಾಮಗ್ರಿಯನ್ನೂ ಗಣಕಯಂತ್ರಕ್ಕೆ ಏರಿಸುವ ವಿದ್ಯಾರ್ಥಿಗಳಿಗೆ ಇದರಿಂದ ಒಂದು ಕರ್ತವ್ಯ ಸ್ಫುಟವಾಗುತ್ತದೆ. ಮುದ್ರಣಕ್ಕೆ ಸಿದ್ಧವಾದ ಕಡತವನ್ನಷ್ಟೇ ಉಳಿಸಿ ಹಿಂದಿನದನ್ನು ಎಸೆಯುವುದು ತರವಲ್ಲ. ಕಲ್ಲಿನಿಂದ ಓದಿದ ಪಾಠವನ್ನು ಸರಳವಾದ ಯೂನಿಕೋಡ್ ಪಠ್ಯವಾಗಿ ಭಂಡಾರದಲ್ಲಿಟ್ಟು, ಒಂದೊಂದು ತಿದ್ದುಪಡಿಗೂ ಕಾರಣವನ್ನು ಕಮಿಟ್‌ನಲ್ಲಿ ಬರೆದು, ಪ್ರಕಟವಾಗುವ ಪುಸ್ತಕವು ಆ ಪಠ್ಯದಿಂದಲೇ ಯಾಂತ್ರಿಕವಾಗಿ ಹುಟ್ಟುವಂತೆ ಏರ್ಪಡಿಸಿದರೆ, ಐವತ್ತು ವರ್ಷಗಳ ಅನಂತರ ಓದುವವನು ಯಾವ ಅಕ್ಷರವನ್ನು ಯಾರು ಎಂದು ಏಕೆ ಓದಿದರೆಂಬುದನ್ನು ತಿಳಿಯಬಲ್ಲನು. ಇದಕ್ಕೆ ಬೇಕಾದ ಉಪಕರಣಗಳು ಬೆಲೆಯಿಲ್ಲದೆ ದೊರೆಯುತ್ತವೆ. ಸಾಧಾರಣವಾದ ಗಣಕಯಂತ್ರವೊಂದಿದ್ದರೆ ಸಾಕು.

ಕಲ್ಲು ತಾನಾಗಿಯೇ ಉಳಿಯುತ್ತದೆಂಬ ಧೈರ್ಯ ಹಿಂದಿನವರಿಗಿದ್ದಿತು. ವಿದ್ಯುತ್ತಿನ ಅಕ್ಷರಗಳ ವಿಷಯದಲ್ಲಿ ಆ ಧೈರ್ಯ ಸಲ್ಲದು. ಅವು ಪ್ರತಿಗಳ ಬಾಹುಳ್ಯದಿಂದಲೂ, ಪ್ರತಿಗಳನ್ನು ಮೂಲಕ್ಕೆ ಕಟ್ಟಿದ ನಂಟಿನಿಂದಲೂ ಮಾತ್ರ ಬದುಕುತ್ತವೆ. ಆ ನಂಟನ್ನು ಬಿಗಿಯಾಗಿ ಇಟ್ಟುಕೊಳ್ಳುವ ವಿದ್ಯೆಯನ್ನು ಚರಿತ್ರೆಯ ಅಭ್ಯಾಸಿಗಳೂ ತಮ್ಮದನ್ನಾಗಿ ಮಾಡಿಕೊಳ್ಳಬೇಕೆಂದು ಕೋರುತ್ತೇವೆ.